ಎಂಟರಲ್ಲಿ ಆರು ಪಾಲು ಮೋಡ

ಮಸ್ಕಿ,
ದಿನಾಂಕ 12-2-1991

ಪ್ರೀತಿಯ ಮಗಳು ಅಮರಮ್ಮಳಿಗೆ ತಂದೆ ಗ್ಯಾನಪ್ಪನ ಆಶೀರ್ವಾದಗಳು.

ಧಾರವಾಡದ ಚಳಿಗೆ ಕೆಮ್ಮು ಹೆಚ್ಚಾಗಿದೆಯೆಂದು ಬರೆದಿದ್ದೆ. ಈಗ ಕಡಿಮೆಯಾಗಿದೆಯೇ ಎಂಬುದನ್ನು ಮೊದಲು ತಿಳಿಸತಕ್ಕದ್ದು. ಇಲ್ಲಿ ನಿಮ್ಮವ್ವನ ನೋವು ಮೊಣಕಾಲಿನಿಂದ ಬಾಯಿಯವರೆಗೆ ಏರಿಲ್ಲವಾದ್ದರಿಂದ ಮನೆಯಲ್ಲಿ ಮಾತು ಎಂದಿನಂತೆ ನಡೆದಿದೆ.

ನಿನ್ನ ಲಕ್ಷ್ಯಕ್ಕೆ ತರುವುದೇನೆಂದರೆ, ನೀನು ಬಸ್ಸಿನಲ್ಲಿ ಕಳಿಸಿದ ಬಿಸಿಲು ಅಳೆಯುವ ಯಂತ್ರವು ಹತ್ತಿಯೊಳಗೆ ಸುರಕ್ಷಿತವಾಗಿ ತಲುಪಿತು. ನೀನು ಕಾಲೇಜಿಗೆ ಹೋಗುವಾಗ ನನಗೆ ಒಪ್ಪಿಸಿಹೋದ ಮಳೆಮಾಪಕ, ಉಷ್ಣಮಾಪಕದ ಪೆಟ್ಟಿಗೆ, ಗಾಳಿಯ ದಿಕ್ಕು ತೋರುವ ಕೋಳಿ, ಇವುಗಳ ಜೊತೆಗೆ ಸದರಿ ಯಂತ್ರವೂ ಈಗ ಮಾಳಿಗೆಯ ಮೇಲೆ ಸ್ಥಾಪಿತವಾಗಿದೆ. ಗವಂಡಿ ನರಸಣ್ಣ ಕಟ್ಟೆ ಕಟ್ಟಿ, ತಟ್ಟೆಯಲ್ಲಿ ನೀರು ಹಾಕಿ ಮಟ್ಟ ನೋಡಿ, "ಸೂರ್ಯಪ್ಪಗೂ ಹಾಜರಿ ಪುಸ್ತಕ ಇಟ್ರೇನ್ರೀ ಕಾಕಾ" ಎಂದನು. ನಿಮ್ಮವ್ವನಂತೂ, "ಬಿಸ್ಲು ಐತೋ ಇಲ್ಲೋ ತಿಳಿಯಾಕ ಗಾಜಿನ ಗುಂಡು ಯಾಕ ಬೇಕ್ರೀ, ಬರಿಗಾಲಾಗ ಮಾಳಗಿ ಮ್ಯಾಲ ನಿಂದ್ರರಿ" ಎಂದು ತೀರ್ಪು ಕೊಟ್ಟಳು.

ಆ ಗುಂಡನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯದು. ಅದರೊಳಗೆ ಮಸ್ಕಿಯ ಗುಡ್ಡ ತಲೆಕೆಳಗಾಗಿ, ಆಕಾಶದ ಮೇಲೆ ತೇಲುತ್ತಿರುವಂತೆ ತೋರುತ್ತದೆ. ಬಿಸಿಲು ಗಾಜಿನೊಳಗಿಂದ ಹಾಯ್ದು, ಚುಕ್ಕಿಯಾಗಿ ಕೂಡಿ, ಗುಂಡಿನ ಹಿಂದೆ ಇಟ್ಟ ಕಾರ್ಡಿನ ಮೇಲೆ ಗೆರೆ ಸುಡುತ್ತ ಸಾಗುತ್ತದೆ. ಮೋಡ ಅಡ್ಡ ಬಂದರೆ ಮಾತ್ರ ಸೂರ್ಯನು ಲೇಖನಿ ಎತ್ತುವನು. ಲಿಂಗಸುಗೂರಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅರ್ಜಿಗಳ ನಕಲು ಬರೆದ ನನಗೂ ಅಂಥ ಕೈಬರಹ ದಕ್ಕಿರಲಿಲ್ಲ. ಸಂಜೆ ಕಾರ್ಡು ತೆಗೆದು ಸುಟ್ಟ ಗೆರೆಯ ಮೇಲೆ ಬೆರಳಾಡಿಸಿದರೆ ಇಡೀ ದಿನವೇ ಬೆರಳ ತುದಿಗೆ ಸಿಗುತ್ತದೆ.

ಈಗ ನಿನ್ನ ಹವಾಮಾನದ ವರದಿಗೆ ಬೇಕೆಂದು ನೀನು ಕೇಳಿದ, ನಾನು ದಿನವೂ ಅಳತೆ ಬರೆದಿಡುವ ವಹಿಯ ವಿಷಯ. ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಎಣಿಸಬೇಕೆಂದು ನೀನು ಹೇಳಿಕೊಟ್ಟಂತೆ, ಕಳೆದ ವಾರ ಐದು ದಿನ ಸತತವಾಗಿ "ಎಂಟರಲ್ಲಿ ಆರು ಪಾಲು ಮೋಡ" ಎಂದು ಅದರಲ್ಲಿ ಬರೆದೆನು. ಕಾರ್ಡುಗಳ ಮೇಲಾದರೋ ಬೆಳಗಿನಿಂದ ಸಂಜೆಯವರೆಗೆ ಗೆರೆ ಎಲ್ಲಿಯೂ ಕಡಿದಿರಲಿಲ್ಲ. ಯಂತ್ರವೇ ಕೆಟ್ಟಿರಬೇಕೆಂದು ನರಸಣ್ಣನನ್ನು ಕರೆಸಿ ಮತ್ತೊಮ್ಮೆ ಮಟ್ಟ ನೋಡಿಸಿದೆನು. ಕಡೆಗೆ ನಿಮ್ಮವ್ವನನ್ನು ಕೇಳಿದ್ದಕ್ಕೆ, "ವಾರದಿಂದ ಹಪ್ಪಳ ಒಣಗ್ಸಾಕತ್ತೀನಿ. ಮೋಡ ಎಲ್ಲೈತ್ರೀ? ನಿಮ್ಮ ಕಣ್ಣಾಗ ಐತಿ" ಎಂದಳು. ಜಗಳವಾಡಲು ಬಾಯಿ ತೆರೆದವನು ವಹಿ ತೆರೆದು, ಈ ಮೋಡ ಎಂದಿನಿಂದ ಕವಿದಿದೆಯೆಂದು ಹಿಂದಿನ ಪುಟಗಳನ್ನು ತಿರುವಿದೆನು.

ದೀಪಾವಳಿಯಿಂದೀಚೆಗೆ ಬರೆದ ಮೋಡದ ಕಾಲಂ ಅಷ್ಟೂ ನಂಬಲರ್ಹವಲ್ಲ. ಅದನ್ನು ವರದಿಗೆ ಸೇರಿಸಕೂಡದು. ಪಾದರಸದ ಗೆರೆ ಸಣ್ಣದೆಂಬ ನೆವ ಹೇಳಿ ಉಷ್ಣಮಾಪಕವನ್ನು ನಿಮ್ಮವ್ವನಿಂದಲೇ ಓದಿಸುತ್ತಿದ್ದೆನಾದ್ದರಿಂದ ಆ ಅಂಕಿಗಳು ಸರಿಯಿವೆ. ಕಣ್ಣು ತೋರಿಸಿಕೋ ಎಂದು ನೀನು ಎರಡು ಸಲ ಹೇಳಿದಾಗ ಗದರಿಸಿದ್ದೆನು. ಅದು ನನ್ನ ತಪ್ಪು. ಒಂದು ಮಾತು ನಿಜ, ಆ ಮೋಡ ಬಹಳ ಮೆತ್ತಗಿತ್ತು. ಮಧ್ಯಾಹ್ನದ ರಸ್ತೆ, ಎತ್ತುಗಳು, ನಿಮ್ಮವ್ವನ ಸೀರೆ ಎಲ್ಲವೂ ಹಾಲಿನೊಳಗಿಂದ ಬಂದು ಹಾಲಿನೊಳಗೆ ಹೋಗುತ್ತಿದ್ದವು. ಈ ಊರಿನ ಆಕಾಶ ವಯಸ್ಸಾದಂತೆ ಮೃದುವಾಗುತ್ತಿದೆಯೆಂದು ನಂಬಿಕೊಂಡಿದ್ದೆನು.

ಅಳಿಯಂದಿರಿಗೆ ನಮಸ್ಕಾರ, ಮೊಮ್ಮಗಳಿಗೆ ಮುತ್ತು. ಸಾಲುಗಳು ಒಂದರ ಮೇಲೊಂದು ಏರಿದ್ದರೆ ನಿಧಾನವಾಗಿ ಓದಿಕೊಳ್ಳತಕ್ಕದ್ದು.

ನಿನ್ನ ತಂದೆ,
ಗ್ಯಾನಪ್ಪ

ತಾ.ಕ.: ಇದೇ ಇಪ್ಪತ್ನಾಲ್ಕರಂದು ಸಿಂಧನೂರಿನಲ್ಲಿ ಕಣ್ಣಿನ ಶಿಬಿರವಿದೆ. ಆಪರೇಷನ್ನಿಗೆ ಹೆಸರು ಬರೆಸಿದ್ದೇನೆ. ಜೊತೆಗೆ ಇರುವವರು ಯಾರೆಂದು ಕೇಳಿದರು. ನಿನ್ನನ್ನು ವಿಚಾರಿಸದೆಯೇ ನಿನ್ನ ಹೆಸರು ಹೇಳಿದೆನು. ನಿಮ್ಮವ್ವ ತಾನು ಬರುವೆನೆನ್ನುತ್ತಾಳೆ, ಆದರೆ ಡಾಕ್ಟರರ ಎದುರು ಆಕೆ ನನಗಿಂತ ಮೊದಲೇ ಕುಸಿಯುತ್ತಾಳೆ. ಅರ್ಜಿಯ ಭಾಷೆಯಲ್ಲಿ ಇದನ್ನು ಬರೆಯಲು ಮೂರು ಸಲ ಯತ್ನಿಸಿ ಹರಿದೆನು. ನನಗ ಅಂಜಿಕಿ ಆಗಾಕತ್ತೈತಿ ಅವ್ವಾ. ನೀ ಬಾ.