ಗುಡ್ಡದ ಗುರುತು ಕೊಟ್ಟವನಿಗೆ

ಹೊನ್ನಾಳಿ
20 ಅಕ್ಟೋಬರ್ 2024

ಕೆಂಚೇಶಣ್ಣನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಕೇಳಬೇಕೆಂದು ನನಗೇನೂ ಅನಿಸಿರಲಿಲ್ಲ. ಅಮ್ಮ ಪಕ್ಕದಲ್ಲೇ ಕುಳಿತು, "ಮೊದ್ಲು ಆರೋಗ್ಯ ಕೇಳು, ಆಮ್ಯಾಲೆ ಬೈಯುವಂತೆ" ಎಂದಿದ್ದರಿಂದ ಕೇಳಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ನಾನೂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿಕೊಂಡು ಚೆನ್ನಾಗಿಯೇ ಇದ್ದೆ, ಮೊನ್ನೆ ಗುರುವಾರದವರೆಗೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ಗುರುವಾರ ಜಗಳೂರಿನ ಕಡೆಯಿಂದ ಕಾಟಮ್ಮ ಫೋನ್ ಮಾಡಿದ್ದಳು. ಹೋದ ವರ್ಷ ಮಳೆಗಾಲದಲ್ಲಿ ನಾವಿಬ್ಬರೂ ಗುಡ್ಡ ಹತ್ತುವ ಮೊದಲು ರೊಟ್ಟಿ ಕಟ್ಟಿಕೊಟ್ಟಳಲ್ಲ, ಗುಡ್ಡದ ಬುಡದ ಹೊಲದವಳು, ಅವಳೇ. "ನಿಮ್ಮಣ್ಣನ ಹುಡುಗ್ರು ಅಂತ ಹೇಳ್ಕಂಡು ಜೀಪಿನಾಗೆ ಬಂದಿದ್ರವ್ವ. ಫೋನ್ ನೋಡ್ಕಂಡು ಸೀದಾ ಮ್ಯಾಲಕ್ಕೆ ಹೋದ್ರು. ಬಳ್ಳಿ ಎಲ್ಲಾ ಗಡ್ಡೆ ಸಮೇತ ಕಿತ್ಕಂಡು ಹೋದ್ರು. ನೀವೇ ಕಳ್ಸಿದ್ದೀರಿ ಅಂದ್ಕಂಡು ಕುಡಿಯಾಕೆ ನೀರು ಕೊಟ್ಟೆ" ಎಂದು ಅಳುತ್ತಿದ್ದಳು. ಮರುದಿನವೇ ಬಸ್ಸು ಹಿಡಿದು ಹೋದೆ. ಬಂಡೆಯ ಸಂದುಗಳಲ್ಲೆಲ್ಲ ಹಾರೆಯ ಗಾಯ, ಹೊರಬಿದ್ದ ಕೆಂಪು ಮಣ್ಣು. ಒಂದು ಎಲೆಯೂ ಉಳಿದಿರಲಿಲ್ಲ. ಅಪರೂಪದ ಗಿಡ ಮಾರುವ ಯಾವುದೋ ಅಂತರ್ಜಾಲ ತಾಣದಲ್ಲಿ ಈಗ ನಮ್ಮ ಬಳ್ಳಿಯ ಗಡ್ಡೆಗಳ ಫೋಟೋ ಇದೆ, ನೀನಿಟ್ಟ ಹೆಸರಿನ ಸಮೇತ.

ಆ ಹೂವನ್ನು ಕಂಡ ದಿನ ನಿನಗೆ ನೆನಪಾದರೂ ಇದೆಯೇ? ಬೆರಳುದ್ದದ ಹಸಿರು ಕೊಳವೆ, ತುದಿಯಲ್ಲಿ ಐದು ಎಸಳು ಒಂದಕ್ಕೊಂದು ಅಂಟಿ ಆದ ಪುಟ್ಟ ಪಂಜರ, ಒಳಗೆ ಸಿಕ್ಕಿಬಿದ್ದ ನೊಣ. ನೀನು ಬಂಡೆಯ ಮೇಲೆ ಬೋರಲು ಮಲಗಿ ಮಸೂರದಲ್ಲಿ ನೋಡಿ, "ರುದ್ರಾಣಿ, ಎಸಳಿನ ಅಂಚಿನಾಗೆ ಕೂದ್ಲೇ ಇಲ್ಲ ಕಣೆ, ಇದು ಬ್ಯಾರೇನೇ ಐತೆ!" ಎಂದು ಕೂಗಿದ್ದೆ. ಆವತ್ತಿನ ನಿನ್ನ ಮುಖದ ಮೇಲೆ ನನಗೆ ಇವತ್ತೂ ಪ್ರೀತಿ ಇದೆ; ಸಂಕಟವೇ ಅದು. ಆಮೇಲೆ ನಾನು ಇಲ್ಲಿ ತಾಜಾ ಹೂ ಸೀಳಿ ಚಿತ್ರ ಬರೆದೆ, ನೀನು ಪುಣೆಯಲ್ಲಿ ಹಳೆಯ ಒಣಗಿದ ಮಾದರಿಗಳ ಜೊತೆ ಹೋಲಿಸಿದೆ. ಹತ್ತಿರದ ಬಂಧುವಿನ ಎಸಳಿಗೆ ನೇರಳೆ ಕೂದಲು, ಇದರದು ಬೋಳು. ಅದಕ್ಕೆ ನಾರುಬೇರು, ಇದಕ್ಕೆ ಚಪ್ಪಟೆ ಗಡ್ಡೆ. ಹೊಸ ಪ್ರಭೇದವೇ ಎಂದು ಖಚಿತವಾದ ದಿನ, "ಜಗಳೂರೆನ್ಸಿಸ್ ಅಂತ ಹೆಸರಿಡಾಣ, ನಾವಿಬ್ರು ಆಡಿರೋ ಜಗಳಕ್ಕೂ ಸರಿಹೋಗ್ತೈತೆ" ಎಂದು ನೀನು ನಕ್ಕಿದ್ದೆ.

ನಾನು ಬೇಡಿಕೊಂಡದ್ದು ಒಂದೇ. ಲೇಖನದಲ್ಲಿ ತಾಲ್ಲೂಕಿನ ಹೆಸರು ಬರೆ, ಗುಡ್ಡದ ಗುರುತು ಬರೆಯಬೇಡ, ಇಂಥ ಬಳ್ಳಿಗೆ ಕಳ್ಳರು ಕಾದಿರುತ್ತಾರೆ ಎಂದು. "ಆಯ್ತು ಬಿಡೆ" ಎಂದು ನೀನು ಒಪ್ಪಿದ್ದೆ. ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದಾಗ ನೋಡಿದರೆ ಅಕ್ಷಾಂಶ, ರೇಖಾಂಶ, ಜೊತೆಗೆ ಗುಡ್ಡದ ಫೋಟೋ. ಶುಕ್ರವಾರ ಆ ಗುಂಡಿಗಳ ನಡುವೆ ನಿಂತೇ ನಿನಗೆ ಫೋನ್ ಮಾಡಿದರೆ, "ವಿಜ್ಞಾನದಾಗೆ ಜಾಗ ಬಚ್ಚಿಡಾಕೆ ಬರಲ್ಲ" ಎಂದು ನನಗೇ ಪಾಠ ಹೇಳಿದೆ. ಅಳಿವಿನ ಭಯವಿರುವ ಗಿಡದ ಜಾಗ ಮುಚ್ಚಿಡಬಹುದು ಎಂದು ಆ ಪತ್ರಿಕೆಯ ನಿಯಮದಲ್ಲೇ ಇದೆ. ನೀನು ಅವರನ್ನು ಕೇಳಲೇ ಇಲ್ಲ. ನಿನಗೆ ಬೇಗ ಅಚ್ಚಾಗಬೇಕಿತ್ತು. ಸಾಲದ್ದಕ್ಕೆ, "ಮುಂದಿನ ಲೇಖನಕ್ಕೆ ಕಾಯಿ ಬೇಕು, ಎಲ್ಲಾರ ಒಂದು ಬಳ್ಳಿ ಉಳ್ದೈತೇನು ನೋಡು" ಎಂದೆಯಲ್ಲ, ನಾಚಿಕೆಯಾಗಲಿಲ್ಲವೇ? ಅದನ್ನು ಜಗತ್ತಿಗೆ ಪರಿಚಯಿಸಿದವನೂ ನೀನೇ, ಕಿತ್ತವರಿಗೆ ದಾರಿ ತೋರಿಸಿದವನೂ ನೀನೇ.

ಕಾಟಮ್ಮ ತಾನು ನೀರು ಕೊಟ್ಟೆನೆಂದು ಇನ್ನೂ ಕೊರಗುತ್ತಿದ್ದಾಳೆ. ತಪ್ಪು ಅವಳದಲ್ಲ ಎಂದು ನೀನೇ ಫೋನ್ ಮಾಡಿ ಹೇಳು. ನನ್ನಿಂದ ಹೇಳಿಸಬೇಡ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಕಡೆಯಿಂದ ಅತ್ತಿಗೆಗೆ ಮಾತ್ರ ನಮಸ್ಕಾರ.

ನಿನ್ನ ತಂಗಿ,
ರುದ್ರಾಣಿ

ತಾ.ಕ.: ಆ ಬಳ್ಳಿ ಇನ್ನೊಂದು ಕಡೆ ಇದೆ. ನಿನ್ನೆ ಕಣ್ಣಾರೆ ಕಂಡೆ, ಹೂ ಬಿಟ್ಟಿದೆ, ಸಂಶಯವೇ ಇಲ್ಲ. ಚನ್ನಗಿರಿಯೋ ನ್ಯಾಮತಿಯೋ ಎಂದು ಲೆಕ್ಕ ಹಾಕುತ್ತಾ ಕೂರಬೇಡ. ಊರಿಗೆ ಬಂದರೆ ಊಟಕ್ಕೆ ಬಡಿಸುತ್ತೇನೆ, ಪಕ್ಕದಲ್ಲೇ ಕೂತು ಉಣ್ಣುತ್ತೇನೆ. ಅಲ್ಲಿಗೆ ಮಾತ್ರ ನಿನ್ನನ್ನು ಕರೆದುಕೊಂಡು ಹೋಗುವುದಿಲ್ಲ.