ಕಾಗೆಗಾಲಿನ ಹರಳು

ಗೆಳೆಯಾ,

ನೀನು ತೀರಿಕೊಂಡ ಸುದ್ದಿ ಗದಗಿನಿಂದ ಬಂದಾಗ ನಾನು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದೆ. ನಿನ್ನ ಮಣ್ಣಿಗೆ ಬಂದೆ, ಎಲ್ಲರ ಹಿಂದೆ ನಿಂತೆ, ನಿನ್ನ ಹೆಂಡತಿಯ ಎದುರಿಗೆ ಮಾತ್ರ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆರು ವರ್ಷದಿಂದ ನಿನಗೆ ಹೇಳಬೇಕಾದ ಮಾತೊಂದು ಹಾಗೇ ಉಳಿದಿತ್ತು. ಹೇಳಿದ್ದರೆ ನೀನು "ಹೋಗ್ಲಿ ಬಿಡಲೇ" ಅಂದುಬಿಡುತ್ತಿದ್ದೆ. ಅದಕ್ಕೇ ಹೆದರಿದ್ದೆನೋ ಏನೋ.

ಎಂಬತ್ತೆರಡನೇ ಇಸವಿಯಲ್ಲಿ ನನಗೆ ಸಂಶಿಯ ಹುಡುಗಿ ಗೊತ್ತಾದಾಗ ನಾನು ಮೊದಲು ಓಡಿ ಬಂದದ್ದು ಅಣ್ಣಿಗೇರಿಯ ನಿನ್ನ ಪತ್ತಾರಿಕೆ ಅಂಗಡಿಗೆ. ನಮ್ಮವರಲ್ಲಿ ನಿಶ್ಚಯಕ್ಕೆ ಒಂದು ಬಂಗಾರದ ಉಂಗುರವಾದರೆ ಧಾರಾಳ. ಆದರೆ ನಾನು ಮಾವನ ಪಡಸಾಲೆಯಲ್ಲಿ ಕೂತು, ಯಾರೂ ಕೇಳದಿದ್ದರೂ, "ವಜ್ರದ ಉಂಗುರಾ ಹಾಕ್ತೀನ್ರಿ" ಅಂದಿದ್ದೆ. ಹುಡುಗಿಯ ಅಕ್ಕನ ಗಂಡ, ನನಗೆ ಷಡ್ಡಕನಾಗುವವನು, ಬಾಜೂಕ್ಕೇ ಇದ್ದ. ಅವನಿಗಿಂತ ಒಂದು ಕೈ ಮೇಲಾಗಬೇಕಿತ್ತು ನನಗೆ. ನೀನು ಬಂಗಾರ ಕಾಯಿಸುತ್ತಿದ್ದ ಊದುಗೊಳವೆ ಕೆಳಗಿಟ್ಟು ನಕ್ಕೆ. "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕಂತ ಹುಡುಗರಿಗೆ ಕಲಸಾಂವ ನೀನ ಅಲ್ಲೇನಲೇ, ಮಾಸ್ತರ?" ನಕ್ಕರೂ ಮರುದಿನ ಅಂಗಡಿ ಮುಚ್ಚಿ ನನ್ನ ಜೊತೆ ರೈಲು ಹತ್ತಿದೆ.

ಹುಬ್ಬಳ್ಳಿಯ ಸೇಠ ಬಿಳಿ ಕಾಗದದ ಮೇಲೆ ಎರಡು ಹರಳು ಇಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಎರಡಕ್ಕೂ ಒಂದೇ ಬೆಲೆ, ಹೇಗೋ ನನ್ನ ಕೈಗೆ ಎಟಕುವಂಥದ್ದು. ಒಂದು ಸಾಸಿವೆಗಿಂತ ತುಸು ದೊಡ್ಡದು, ಇನ್ನೊಂದು ಹೆಚ್ಚುಕಡಿಮೆ ಜೋಳದ ಕಾಳಿನಷ್ಟು. ನೀನು ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ದೊಡ್ಡದನ್ನು ಬಹಳ ಹೊತ್ತು ನೋಡಿದೆ. "ಇದರಾಗ ಕಾಗಿ ಕಾಲು ಐತಿ. ಅಗದಿ ನಡುವ ಕರಿ ಗೀರು, ಮುಚ್ಚಾಕ ಬರಂಗಿಲ್ಲ. ನಮ್ಮ ಕಡೆ ಇದನ್ನ ಅಪಶಕುನ ಅಂತಾರ. ಸಣ್ಣದ ತಗೋ, ಸ್ವಚ್ಛ ಐತಿ." ನಾನೇನು ಹೇಳಿದೆ, ನೆನಪಿದೆಯಲ್ಲ? "ಗೀರು ಯಾರಿಗೆ ಕಾಣ್ತೈತಿ? ಸಣ್ಣದು ಎಲ್ಲಾರಿಗೂ ಕಾಣ್ತೈತಿ." ನೀನು ಇನ್ನೆರಡು ಸಲ ಹೇಳಿ ನೋಡಿದೆ. ಮನಸ್ಸಿಲ್ಲದೆ ಆ ದೊಡ್ಡದನ್ನೇ ಉಂಗುರಕ್ಕೆ ಕೂರಿಸಿಕೊಟ್ಟೆ.

ನಿಶ್ಚಯದ ದಿನ ಉಂಗುರ ವೀಳ್ಯದೆಲೆಯ ಮೇಲೆ ಕೂತು ಹಿರಿಯರ ಕೈಯಿಂದ ಕೈಗೆ ಹೋಯಿತು. ಐವರು ನೋಡಿ ಒಪ್ಪಿದ ಮೇಲೆಯೇ ಅಲ್ಲವೇ ಅದು ಹುಡುಗಿಯ ಬೆರಳಿಗೆ ಏರುವುದು? ನಾಲ್ವರು ಹೊರಗಿನ ಹೊಳಪು ನೋಡಿ ತಲೆಯಾಡಿಸಿದರು. ಐದನೆಯವಳು ಹುಡುಗಿಯ ಅಜ್ಜಿ. ಅವಳ ಮೂಗುಬೊಟ್ಟಿನಲ್ಲೇ ವಜ್ರಗಳಿದ್ದವು. ಉಂಗುರವನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದಳು. "ಕಾಗಿ ಕಾಲಿನ ಹರಳು ನಮ್ಮ ಹುಡುಗಿ ಕೈಗೆ ಬ್ಯಾಡ. ಯಾರಪ್ಪಾ ಇದನ್ನ ಆರಿಸಿದಾಂವ?"

ಮಾವ ನನ್ನ ಅಪ್ಪನ ಮುಖ ನೋಡಿದರು. ಸಂಬಂಧ ಮುರಿದೇ ಹೋಯಿತು ಅನ್ನಿಸಿತು ನನಗೆ. "ನನಗೇನ್ ತಿಳೀತೈತ್ರಿ ಇದರಾಗ? ಪತ್ತಾರ ಆರಿಸ್ಯಾನ್ರಿ" ಅಂದೆ.

ನೀನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಆ ಷಡ್ಡಕ ಬಾಯಿ ಹಾಕಿದ: "ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡೂದಿಲ್ಲಂತ, ಇನ್ನ ಗೆಳ್ಯಾನ ವಜ್ರಾ ಬಿಡ್ತಾನೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ನನ್ನ ಕಡೆ ಒಮ್ಮೆ ನೋಡಿ, "ಹೌದ್ರಿ, ನನ್ನ ಕಣ್ಣ ತಪ್ಪಿದ್ವು" ಅಂದೆ. "ಹುಡುಗನ ತಪ್ಪೇನೈತಿ, ಹರಳು ಬದಲಿಸಿಕೊಂಡು ಬರ್ಲಿ" ಅಂತ ಹಿರಿಯರು ಮಾತು ಮುಗಿಸಿದರು. ನನ್ನ ಮದುವೆ ಉಳಿಯಿತು.

ಆ ಮಾತು ಹಬ್ಬಿ, ಆ ವರ್ಷ ಸಂಶಿ, ಯರಗುಪ್ಪಿ ಕಡೆಯವರು ಒಬ್ಬರೂ ನಿನ್ನಲ್ಲಿ ತಾಳಿ ಮಾಡಿಸಲಿಲ್ಲ. ನನ್ನ ಮದುವೆಯ ತಾಳಿಯನ್ನೇ ಅಪ್ಪ ಬೇರೆ ಪತ್ತಾರನಿಗೆ ಕೊಟ್ಟ; ನಾನು ಬಾಯಿ ಬಿಡಲಿಲ್ಲ. ಕೊನೆಗೆ ನೀನು ಅಂಗಡಿ ಮುಚ್ಚಿ ಗದಗಿನಲ್ಲಿ ಇನ್ನೊಬ್ಬರ ಕೈಕೆಳಗೆ ಕೂತೆ. ಒಂದು ಸಲವಾದರೂ "ಯಾಕ ಹಂಗಂದಿ?" ಅಂತ ಕೇಳಬಾರದಿತ್ತೇ? ಕೇಳಿದ್ದರೆ ನಾನು... ಗೊತ್ತಿಲ್ಲ. ಆಗಲೂ ಒಂದು ಸುಳ್ಳು ಹುಡುಕುತ್ತಿದ್ದೆನೇನೋ.

ಹೋದ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಸಂಶಿಗೆ ಹೋದೆ. ಅದೇ ಪಡಸಾಲೆಯಲ್ಲಿ, ಅದೇ ಮಂದಿಯ ಮುಂದೆ, ನೀನು ಬೇಡವೆಂದರೂ ಆ ಹರಳು ಆರಿಸಿದವನು ನಾನೇ ಅಂತ ಹೇಳಿದೆ. ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಮಾವ, "ಈಗ ಹೇಳಿ ಏನ್ ಬಂತ್ರಿ? ಅಂವ ಇದ್ದಾಗ ಹೇಳಬೇಕಿತ್ತು" ಅಂದರು. ಅಜ್ಜಿಗೆ ಈಗ ಕಣ್ಣು ಮಂಜು, ಕಿವಿಯೂ ಮಂದ. "ಅಂವನ ಹೆಸರೇನು?" ಅಂತ ಕೇಳಿದಳು. ಆ ಮನೆಯಲ್ಲಿ ಆರು ವರ್ಷ ನೀನು ಬರೀ "ಆ ಪತ್ತಾರ" ಆಗಿದ್ದೆ. "ಕಾಳಪ್ಪ" ಅಂದೆ. ಅವಳಿಗೆ ಕೇಳಿಸಲಿಲ್ಲ. ಓಣಿಗೆಲ್ಲ ಕೇಳುವಂತೆ ಮತ್ತೆ ಹೇಳಿದೆ.

ಈ ಸಲ ಅಜ್ಜಿಗೆ ಕೇಳಿಸಿತು. "ಕಾಳಪ್ಪ ಅವತ್ತ ಉಣ್ಣದ ಹ್ವಾದ. ಅಂವಗ ಹಾಕಿದ ಎಲಿ ಹಂಗ ಇತ್ತು."

ನನಗೆ ಇದು ಗೊತ್ತೇ ಇರಲಿಲ್ಲ, ಕಾಳಪ್ಪ. ಅವತ್ತು ಪಂಕ್ತಿಯಲ್ಲಿ ನಾನು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡಿದ್ದೆ.