ನನ್ನ ತಾಯಿಯ ಗುಳಿಗೆ ಬಿಡಿಸುವವರು ಯಾರು?

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಗುಳಿಗೆ ಬರೆಯಲು ನಿಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಕೈಗಳಿವೆ. ಬಿಡಿಸಲು ಒಂದೂ ಇಲ್ಲ. ಇದೇ ನನ್ನ ದೂರು. ಕೌಜಲಗಿಯ ನನ್ನ ತಾಯಿ ಸಾವಿತ್ರವ್ವ, ವಯಸ್ಸು ಎಪ್ಪತ್ತೊಂದು, ಇದಕ್ಕೆ ಸಾಕ್ಷಿ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವ್ವನಿಗೆ ನಿದ್ದೆ ಹಾರಿಹೋಯಿತು. ಗೋಕಾಕದ ವೈದ್ಯರೊಬ್ಬರು ಹದಿನೈದು ದಿನಕ್ಕೆಂದು ನಿದ್ದೆ ಗುಳಿಗೆ ಬರೆದರು. ಹದಿನಾರನೆಯ ದಿನ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಳೇ ಚೀಟಿ ತೋರಿಸಿದರೆ ಅಂಗಡಿಯವರು ಕೊಡುತ್ತಲೇ ಹೋದರು. ಕುರಿ ಸಾಕುವ ನಮ್ಮ ಮನೆಯಲ್ಲಿ ಬೀರದೇವರಿಗೆ ಹಿಡಿದ ವಾರದ ವ್ರತವನ್ನು ನಡುವೆ ಬಿಡುವ ಪದ್ಧತಿಯಿಲ್ಲ. ಅವ್ವ ಗುಳಿಗೆಯನ್ನೂ ಹಾಗೇ ಹಿಡಿದಳು. "ಡಾಕ್ಟರ್ ಹೇಳಿದ್ದನ್ನ ನಡುವ ಬಿಡಬಾರ್ದಪಾ" ಎನ್ನುತ್ತಿದ್ದಳು.

ಕೆಲವೇ ತಿಂಗಳಲ್ಲಿ ಹಗಲೂ ತೂಕಡಿಕೆ, ತಲೆಸುತ್ತು. ಅವ್ವ ಬೆಲ್ಲದ ಬಾಗೇವಾಡಿಯ ತನ್ನ ತಂಗಿಯ ಮನೆಗೆ ಹೋಗಿದ್ದಾಗ ಹುಕ್ಕೇರಿಯ ವೈದ್ಯರು ತಲೆಸುತ್ತಿಗೆ ಒಂದು ಗುಳಿಗೆ ಬರೆದರು. ಅದನ್ನು ತಿಂದು ಕೈ ನಡುಗತೊಡಗಿತು. ನಡುಕಕ್ಕೆ ಮೂಡಲಗಿಯಲ್ಲಿ ಇನ್ನೊಂದು. ಅದರಿಂದ ಬಾಯಿ ಒಣಗಿತು, ಬುದ್ಧಿ ಮಂಕಾಯಿತು. ಒಂದು ಬೆಳಿಗ್ಗೆ ಚಹಾ ಕೊಡಲು ಹೋದ ನನ್ನನ್ನೇ ಕೇಳಿದಳು: "ನೀ ಯಾರ ಪೈಕಿ ತಮ್ಮಾ?" ನಾನು ಹೊರಗೆ ಹೋಗಿ ಅತ್ತೆ.

ವಯಸ್ಸಾಯಿತಲ್ಲ ಎಂದರು ಎಲ್ಲರೂ. ನನಗೆ ಗುಳಿಗೆಗಳ ಮೇಲೇ ಅನುಮಾನ. ಮೂರೂ ಊರಿನ ವೈದ್ಯರ ಬಳಿ ಹೋಗಿ, ಇವನ್ನು ಬಿಡಿಸಿ ಎಂದು ಕೈಮುಗಿದೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು: "ಅದು ನಾ ಬರದಿದ್ದಲ್ರಿ, ಬರದವ್ರನ್ನ ಕೇಳ್ರಿ." ಎಂಥ ವಿನಯ ಸ್ವಾಮಿ! ಬರೆಯುವಾಗ ಈ ವಿನಯ ಎಲ್ಲಿ ಹೋಗಿತ್ತು?

ಸಿಟ್ಟಿನಲ್ಲಿ ಮೂರೂ ಗುಳಿಗೆಗಳನ್ನು ತಿಪ್ಪೆಗೆ ಎಸೆದೆ. ತಪ್ಪು ಮಾಡಿದೆ, ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಅವ್ವ ಫಿಟ್ಸ್ ಬಂದು ಬಿದ್ದಳು. ಬಹಳ ಕಾಲ ತಿಂದ ನಿದ್ದೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ಆಮೇಲೆ ತಿಳಿಸಿದವರು ಅವಳನ್ನು ಒಯ್ದ ಸರ್ಕಾರಿ ಆಸ್ಪತ್ರೆಯ ಒಬ್ಬ ವೈದ್ಯೆ. ಮೂರೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಅವರೊಬ್ಬರೇ. "ಸಾವಕಾಶ ಇಳಸೂಣ್ರಿ, ಅವಸರ ಮಾಡಬ್ಯಾಡ್ರಿ" ಎಂದು ಗುಳಿಗೆಗಳನ್ನು ಮತ್ತೆ ಶುರುಮಾಡಿಸಿ, ತಲೆಸುತ್ತಿನದು, ನಡುಕದ್ದು ಎರಡನ್ನೂ ಒಂದೊಂದಾಗಿ ಬಿಡಿಸಿದರು. ನಿದ್ದೆ ಗುಳಿಗೆಯನ್ನು ಪ್ರತಿ ಸಲ ಅವ್ವನನ್ನು ನೋಡಿಯೇ ಇಳಿಸುತ್ತ ಅರ್ಧಕ್ಕೆ ತಂದರು. ಅವ್ವ ಈಗ ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ, ಬೈಯುತ್ತಾಳೆ ಕೂಡ.

ಹೋದ ವಾರ ನಿಮ್ಮ ಇಲಾಖೆ ಆ ವೈದ್ಯೆಯನ್ನು ವರ್ಗ ಮಾಡಿತು. ಅವರ ಜಾಗಕ್ಕೆ ಬಂದವರು ತಲೆ ಎತ್ತದೆ, "ಮೊದ್ಲಿಂದೇ ಚಾಲೂ ಇಡ್ರಿ" ಎಂದು ಪೂರ್ತಿ ಗುಳಿಗೆಯನ್ನೇ ಬರೆದುಕೊಟ್ಟರು.

ಮೂರೂ ತಾಲ್ಲೂಕುಗಳಲ್ಲಿ ವಾರಕ್ಕೊಂದು ದಿನ, ರೋಗಿಯ ಎಲ್ಲ ಗುಳಿಗೆಗಳನ್ನು ಒಟ್ಟಿಗೆ ನೋಡಿ, ಯಾವುದು ಬೇಡ, ಅದನ್ನು ಹೇಗೆ ಬಿಡಬೇಕು ಎಂದು ಬರೆದುಕೊಡುವ ವೈದ್ಯರನ್ನು ಕೂರಿಸಿ. ಎಂದು ನಿಲ್ಲಿಸಬೇಕೆಂಬುದೂ ಚೀಟಿಯಲ್ಲಿರಲಿ. ಇದಕ್ಕೆ ಸಭೆ, ಸುತ್ತೋಲೆ ಬೇಕಿದ್ದರೆ ನಿಧಾನಕ್ಕೆ ಮಾಡಿಕೊಳ್ಳಿ. ಆದರೆ ಬರುವ ಸೋಮವಾರ ಆ ವೈದ್ಯೆ ಅವ್ವನನ್ನು ನೋಡಿ ಗುಳಿಗೆಯನ್ನು ಅರ್ಧದಿಂದ ಕಾಲು ಭಾಗಕ್ಕೆ ಇಳಿಸುವವರಿದ್ದರು. ಇಳಿಸಲೇ, ಅರ್ಧಕ್ಕೇ ಇಡಲೇ, ಹೊಸಬರು ಬರೆದಂತೆ ಪೂರ್ತಿ ಕೊಡಲೇ? ಸ್ವಂತ ಬುದ್ಧಿಯಿಂದ ಒಮ್ಮೆ ಮಾಡಿ ನೋಡಿದ್ದೇನೆ, ಇನ್ನೊಮ್ಮೆ ನನಗೆ ಧೈರ್ಯವಿಲ್ಲ. ಯಾರನ್ನು ಕೇಳಬೇಕೆಂದು ಸೋಮವಾರದೊಳಗೆ ಹೇಳಿ.

ಇಂತಿ,
ಬ್ಲೇಡು ಹಿಡಿದು ಗುಳಿಗೆಯ ಮುಂದೆ ಕೂತಿರುವ
ಸಿದ್ರಾಯ, ಕೌಜಲಗಿ